ರೊಟ್ಟಿಯ ಸದ್ದು ನಿಲ್ಲುವ ತನಕ

೩ ನವೆಂಬರ್ ೨೦೨೫, ಸೋಮವಾರ

'ಮಳೆಯ ಹಾಗೆ ಕವಿತೆ. ಕಾದವರ ಹೊಲಕ್ಕೇ ಬೀಳುತ್ತದೆ.' ಹೀಗೇ ಇತ್ತೇ ಆ ಸಾಲು? ಕಲಬುರಗಿಯಲ್ಲಿ ಎಂ.ಎ. ಓದುವಾಗ ಹಾಸ್ಟೆಲಿನ ಗೆಳತಿಯೊಬ್ಬಳ ನೋಟ್‌ಬುಕ್ಕಿನ ಹಿಂಬದಿಯಲ್ಲಿ ಓದಿದ್ದು. ಯಾರು ಬರೆದದ್ದೋ, ಮುಂದೆ ಏನಿತ್ತೋ, ಒಂದೂ ನೆನಪಿಲ್ಲ. ಇಷ್ಟನ್ನೇ ನಂಬಿ ಇಪ್ಪತ್ತೈದು ವರ್ಷ ಕಾದೆ. ಶಾಲೆಯಲ್ಲಿ ಯಾರಾದರೂ 'ಟೀಚರ, ಇಷ್ಟು ಓದ್ತೀರಿ, ನೀವೂ ಬರೀಬೇಕಲ್ಲ' ಅಂದರೆ 'ಒಳಗಿಂದ ಬರಬೇಕ್ರಿ' ಅಂದು ನಕ್ಕೆ. ಈಗ ಅನುಮಾನ ಬರುತ್ತಿದೆ. ಕುಷ್ಟಗಿಯಲ್ಲಿ ಕಾದವರ ಹೊಲಕ್ಕೆ ಮಳೆ ಬಿದ್ದದ್ದನ್ನು ನಾನಂತೂ ಕಂಡಿಲ್ಲ. ಆ ಸಾಲು ಬರೆದವರ ಹೊಲ ಗಂಗಾವತಿ ಕಡೆ, ಕಾಲುವೆಯ ಕೆಳಗೆ ಇದ್ದಿರಬೇಕು.

ಕಾಯಲು ಇನ್ನು ನನಗೆ ಪುರುಸೊತ್ತಿಲ್ಲ. ನನಗೆ ಸೇಡು ಬೇಕು.

ಶನಿವಾರ ರಾಜ್ಯೋತ್ಸವದ ಸಭೆಗೆ ಮುದುಕಪ್ಪ ಮಾಸ್ತರರು ಮುಖ್ಯ ಅತಿಥಿ. ಹಿಟ್ನಾಳದ ಆಚೆಯ ನಮ್ಮೂರಲ್ಲಿ ಹೆಡ್‌ಮಾಸ್ತರರಾಗಿದ್ದವರು, ನನಗೆ ಅಕ್ಷರ ಕಲಿಸಿದವರು. ಎರಡು ವರ್ಷದ ಹಿಂದೆ ಆತ್ಮಕಥೆ ಬರೆದರು. ಆಮೇಲಿಂದ ಎಲ್ಲಿ ಮೈಕು ಸಿಕ್ಕರೂ ಅದರ ಒಂದೇ ಅಧ್ಯಾಯ ಹೇಳಿ ಜನರನ್ನು ನಗಿಸುತ್ತಾರೆ. ಅಧ್ಯಾಯದ ಹೆಸರು 'ಮಾರ್ಯಾನ ಗಂಟೆ'.

"ನಮ್ಮ ಸಾಲ್ಯಾಗ ಮಾರ್ಯಾ ಅಂತ ಒಬ್ಬ ಜವಾನ. ಗಡಿಯಾರ ನೋಡಾಕ ಬರ್ತಿದ್ದಿಲ್ಲ. ಏಳನೇತ್ತ ಪಬ್ಲಿಕ್ ಪರೀಕ್ಷಿ ದಿನ ಅರ್ಧ ತಾಸು ಮೊದಲ ಗಂಟಿ ಬಾರಿಸಿಬಿಟ್ಟ! ಯಾಕಲೇ ಮಾರ್ಯಾ ಅಂದ್ರ, 'ಹಸಿವಾಗಿತ್ರಿ ಸಾಹೇಬ್ರ' ಅಂದ!"

ಸಭೆ ಬಿದ್ದು ಬಿದ್ದು ನಕ್ಕಿತು. ಎರಡನೇ ಸಾಲಿನಲ್ಲಿ ಸಹೋದ್ಯೋಗಿಗಳ ನಡುವೆ ನಾನು ಕೂತಿದ್ದೆ. ಮಾರೆಪ್ಪ ನನ್ನ ಅಪ್ಪ. ತೀರಿಕೊಂಡು ಹದಿನಾರು ವರ್ಷವಾಯಿತು.

ನಾನೂ ನಕ್ಕೆ. ಬಲಗಡೆ ಎಡಗಡೆ ಎಲ್ಲರೂ ನಗುತ್ತಿದ್ದರು, ನನ್ನ ಬಾಯಿಯೂ ತೆರೆದುಕೊಂಡಿತು. ಎರಡು ದಿನದಿಂದ ಆ ಬಾಯಿಯಲ್ಲಿ ಅನ್ನ ರುಚಿಸುತ್ತಿಲ್ಲ.

ನಿಜ ಏನೆಂದು ನಮ್ಮ ಮನೆಯಲ್ಲಿ ಗೊತ್ತು. ಮಾಸ್ತರರಿಗೆ ಗಂಗಾವತಿ ಬಸ್ಸು ಹಿಡಿಯುವ ಅವಸರವಿತ್ತು, 'ಗಂಟಿ ಬಾರಿಸು' ಎಂದು ಅವರೇ ಹೇಳಿದರು. ತಕರಾರು ಬಂದಾಗ ತಪ್ಪನ್ನು ಅಪ್ಪನ ತಲೆಗೆ ಕಟ್ಟಿದರು. ಅಪ್ಪ ದಿನಗೂಲಿ ಜವಾನ. ಮರುದಿನದಿಂದ ಬರಬೇಡ ಅಂದರು, ಮುಗಿಯಿತು. ಉಳಿದ ಆಯುಷ್ಯವೆಲ್ಲ ಗಂಗಾವತಿಯ ಅಕ್ಕಿ ಮಿಲ್ಲುಗಳಲ್ಲಿ ಚೀಲ ಹೊತ್ತ. ನನ್ನನ್ನು ಊರ ಹುಡುಗರು 'ಅರ್ಧ ತಾಸಿನಾಕಿ' ಎಂದು ಕರೆದರು.

ಸಂಜೆ ಕೊಪ್ಪಳದ ಅಬ್ದುಲರೌಫನಿಗೆ ಫೋನು ಮಾಡಿದೆ. ಎಂ.ಎ.ಯಲ್ಲಿ ಜೊತೆಗಿದ್ದವನು, ಈಗ ವಾರಪತ್ರಿಕೆ ನಡೆಸುತ್ತಾನೆ. ಭಾನುವಾರ ಬೆಳಿಗ್ಗೆ ಈ ಕಡೆಯ ಎಲ್ಲ ಚಹಾದಂಗಡಿಗೂ ಬರುತ್ತದೆ. ಡಿಸೆಂಬರ್ ಇಪ್ಪತ್ತೆಂಟು, ಭಾನುವಾರ, ಮಾಸ್ತರರಿಗೆ ಎಪ್ಪತ್ತೈದು ತುಂಬಿದ ಅಭಿನಂದನಾ ಸಮಾರಂಭ ಕುಷ್ಟಗಿಯಲ್ಲೇ ಇದೆ. ಅದೇ ದಿನದ ಪತ್ರಿಕೆಯಲ್ಲಿ ಒಂದು ಪುಟ ಬೇಕು ಅಂದೆ.

"ಕೊಡ್ತೀನಿ ಹೇಮಾ. ಆದ್ರ ಇಪ್ಪತ್ತೆರಡನೇ ತಾರೀಖು ನನ್ನ ಕೈಯಾಗ ಇರಬೇಕು. ನೀ ಬರೀತೀನಿ ಅಂದದ್ದು ಇದು ಎಷ್ಟನೇ ಸಲ ಅಂತ ನನಗ ಲೆಕ್ಕಿಲ್ಲ ನೋಡು."

೪ ನವೆಂಬರ್, ಮಂಗಳವಾರ

ಕೂತೆ. ಬರಲಿಲ್ಲ.

೬ ನವೆಂಬರ್, ಗುರುವಾರ

ಮನಸ್ಸು ಹದಕ್ಕೆ ಬರಲಿ ಎಂದು ಮೊದಲು ಒಂದು ತಾಸು ಕವಿತೆ ಓದಿದೆ. ಹದಕ್ಕೆ ಬಂತು. ಬಂದು, ಮಲಗಿಬಿಟ್ಟಿತು. ಇಷ್ಟು ಸಿಟ್ಟಿದ್ದವಳಿಗೆ ಇಷ್ಟು ಚೆಂದ ನಿದ್ದೆ ಹೇಗೆ ಬರುತ್ತದೆ?

ಎರಡು ದಿನದಲ್ಲಿ ಬರೆದದ್ದು ತಲೆಬರಹ ಮಾತ್ರ. ಅದನ್ನೂ ಹೊಡೆದುಹಾಕಿದೆ.

೯ ನವೆಂಬರ್, ಭಾನುವಾರ

ಪಕ್ಕದ ಮನೆಯ ಮಲಿಕಸಾಬರು ಕರಿಬೇವು ಕೇಳಲು ಬಂದಿದ್ದರು. ತಹಸೀಲ ಕಚೇರಿಯ ಎದುರು ಬೇವಿನ ಮರದ ಕೆಳಗೆ ಮೂವತ್ತು ವರ್ಷದಿಂದ ಅರ್ಜಿ ಬರೆಯುವವರು. ಪಿಂಚಣಿ, ಪಹಣಿ, ರೇಷನ್ ಕಾರ್ಡು, ಸೊಸೆಯ ಮೇಲೆ ಅತ್ತೆಯ ದೂರು, ಎಲ್ಲ ಬರೆಯುತ್ತಾರೆ. ನಾನು ಖಾಲಿ ಹಾಳೆಯ ಮುಂದೆ ಕೂತದ್ದನ್ನು ನೋಡಿ ಬಾಗಿಲಲ್ಲೇ ನಿಂತರು.

"ಏನ್ ಟೀಚರ, ಹಾಳಿ ಕಾಯಾಕತ್ತೀರಿ?"

ಸ್ಫೂರ್ತಿ ಬರುತ್ತಿಲ್ಲ ಅಂದೆ. ಅವರಿಗೆ ನಗು ತಡೆಯಲಾಗಲಿಲ್ಲ.

"ಅರೆ, ನಾನೂ ಹಂಗ ಕುಂತ್ರ ಹ್ಯಾಂಗ್ರಿ? ಯಲಬುರ್ಗಿಯಿಂದ ಮುದುಕಿ ಬಂದು ಎದುರ ಕುಂತಿರತಾಳ. 'ಯವ್ವಾ, ನನಗಿನ್ನ ಸ್ಫೂರ್ತಿ ಬಂದಿಲ್ಲ, ನಾಳಿ ಬಾ' ಅಂದ್ರ ಚಪ್ಪಲಿ ತಗೊಂಡು ಹೊಡೀತಾಳ."

"ಮತ್ತ ಶುರು ಹ್ಯಾಂಗ ಮಾಡ್ತೀರಿ?"

"ಮೊದಲ 'ಮಾನ್ಯರೇ' ಅಂತ ಬರೀತೀನ್ರಿ. ಆ ಮುದುಕಿ ಅಳಾಕತ್ತಿರಲಿ, ಒದರಾಕತ್ತಿರಲಿ, ಮಾನ್ಯರೇ. ಕೈ ಮುಂದ ಹೋದ್ರ ತಲಿ ಹಿಂದಿಂದ ಬರ್ತೈತಿ. ದನದ ಹಿಂದ ಕರು ಬಂದಂಗ."

"ನಿಮ್ಮ ಅರ್ಜಿ ಬ್ಯಾರೆ, ನನ್ನದು ಬ್ಯಾರೆ ಸಾಬರ."

"ನಿಮ್ಮದೂ ಯಾರದರ ಮ್ಯಾಲ ತಕರಾರ ಇದ್ದಂಗ ಐತಿ ಮುಖ ನೋಡಿದ್ರ. ಹಂಗಿದ್ರ ಅದೂ ಅರ್ಜೀನ ಬಿಡ್ರಿ."

ಕರಿಬೇವು ಮರೆತು ಹೋದರು.

೧೦ ನವೆಂಬರ್, ಸೋಮವಾರ

ಒಂದು ನಿಯಮ ಮಾಡಿಕೊಂಡಿದ್ದೇನೆ. ಮನೆಯಲ್ಲಿ ನಾನು, ಅವ್ವ ಇಬ್ಬರೇ. ಎಪ್ಪತ್ತಾರರ ಅವ್ವ ಬೆಳಿಗ್ಗೆ ಐದೂವರೆಗೆ ಒಲೆಯ ಮುಂದೆ ಕೂತು ಜೋಳದ ರೊಟ್ಟಿ ಬಡಿಯುತ್ತಾಳೆ. ಆ ಸದ್ದು ಶುರುವಾದಾಗ ನನ್ನ ಪೆನ್ನು ಶುರುವಾಗಬೇಕು. ಅದು ನಿಲ್ಲುವ ತನಕ ಇದು ನಿಲ್ಲಬಾರದು. ಬರಲಿ, ಬಾರದಿರಲಿ.

ಇವತ್ತು ಎಂಟು ರೊಟ್ಟಿ. ಬರೆದದ್ದು: 'ಮಾನ್ಯರೇ, ನೀವು ಸುಳ್ಳರು.' ಉಳಿದ ಹೊತ್ತೆಲ್ಲ ಅದನ್ನೇ ಬೇರೆ ಬೇರೆ ಮಾತಿನಲ್ಲಿ ಬರೆದೆ.

೧೪ ನವೆಂಬರ್, ಶುಕ್ರವಾರ

ಐದು ದಿನ ತಪ್ಪಲಿಲ್ಲ. ಐದೂ ದಿನ ಬೈಗುಳ. ಇಷ್ಟು ಬೈಗುಳ ನನ್ನೊಳಗೆ ಇತ್ತೆಂದು ಗೊತ್ತಿರಲಿಲ್ಲ. ಬರೆಯುವಾಗ ಮೈ ಬೆಚ್ಚಗಾಗುತ್ತದೆ, ಹಲ್ಲು ಕಚ್ಚಿಕೊಂಡಿರುತ್ತೇನೆ. ಸಮಾರಂಭದಲ್ಲಿ ಅವರ ಕೈಗೆ ಯಾರೋ ಪತ್ರಿಕೆ ಕೊಡುತ್ತಾರೆ, ಓದುತ್ತಾ ಓದುತ್ತಾ ಹೆಗಲ ಮೇಲಿನ ಶಾಲು ಜಾರುತ್ತದೆ. ಈ ಚಿತ್ರವನ್ನು ದಿನಕ್ಕೆ ಹತ್ತು ಸಲ ನೋಡುತ್ತೇನೆ. ಪಾಠ ಮಾಡುವಾಗಲೂ.

ಸಂಜೆ ಮತ್ತೆ ಓದಿದೆ. ಬೈಗುಳ ಒಣಗಿದ ಮೇಲೆ ಅದರಲ್ಲಿ ಏನೂ ಇರುವುದಿಲ್ಲ. ಮುದುಕಪ್ಪ ಮಾಸ್ತರರೂ ಇಲ್ಲ, ನಮ್ಮಪ್ಪನೂ ಇಲ್ಲ. ಹೆಂಗಸೊಬ್ಬಳು ಒದರುತ್ತಿದ್ದಾಳೆ, ಅಷ್ಟೆ.

೧೯ ನವೆಂಬರ್, ಬುಧವಾರ

ತಲೆನೋವು. ಒಂದು ಪುಟ ತುಂಬ 'ಮಾನ್ಯರೇ' ಎಂದು ಬರೆದೆ, ಹನ್ನೊಂದು ಸಲ. ಹನ್ನೆರಡನೆಯದಕ್ಕೆ 'ಮಾನ್ಯರೇ, ನಮ್ಮಪ್ಪನ ಚಪ್ಪಲಿ ಎತ್ತಿನಗಾಡಿಯ ಟಾಯರಿನಿಂದ ಮಾಡಿದ್ದು' ಎಂದು ಬಂತು. ಯಾಕೆ ಬಂತೋ. ಅಷ್ಟರಲ್ಲಿ ರೊಟ್ಟಿ ಮುಗಿಯಿತು.

೨೩ ನವೆಂಬರ್, ಭಾನುವಾರ

ಅಪ್ಪನ ಬಗ್ಗೆ ನಾಲ್ಕು ದಿನದಿಂದ ಬರೆಯುತ್ತಿದ್ದೇನೆ. ಮಾಸ್ತರರನ್ನು ಕೆಡವಬೇಕಾದರೆ ಮೊದಲು ಅಪ್ಪನನ್ನು ನಿಲ್ಲಿಸಬೇಕಲ್ಲ, ಅದಕ್ಕೆ.

ನಮ್ಮ ಶಾಲೆಯ ಗಂಟೆ ಎಂದರೆ ಬೇವಿನ ಟೊಂಗೆಗೆ ಕಟ್ಟಿದ ರೈಲು ಹಳಿಯ ತುಂಡು. ಅಪ್ಪ ಅದಕ್ಕೆ ಕಬ್ಬಿಣದ ಗೂಟದಿಂದ ಹೊಡೆಯುತ್ತಿದ್ದ. ಗಡಿಯಾರ ಇದ್ದದ್ದು ಹೆಡ್‌ಮಾಸ್ತರರ ಖೋಲಿಯಲ್ಲಿ ಒಂದೇ. ಅಪ್ಪನಿಗೆ ಅದನ್ನು ಓದಲು ಬರುತ್ತಿರಲಿಲ್ಲ. ಇದೊಂದು ಮಾತು ಮಾಸ್ತರರು ನಿಜ ಹೇಳಿದ್ದಾರೆ. ಆದರೆ ಗಂಟೆ ಒಂದು ದಿನವೂ ತಪ್ಪುತ್ತಿರಲಿಲ್ಲ, ಯಾಕೆಂದರೆ ಗಡಿಯಾರ ನಾನಾಗಿದ್ದೆ. ನಮ್ಮ ಕ್ಲಾಸಿನ ಕಿಟಕಿಯಿಂದ ಮಾಸ್ತರರ ಖೋಲಿಯ ಗೋಡೆಗಡಿಯಾರ ಕಾಣುತ್ತಿತ್ತು. ಹೊತ್ತು ಆಯಿತೆಂದರೆ ಕೈ ಎತ್ತುತ್ತಿದ್ದೆ. ಬೇವಿನ ಬುಡದಲ್ಲಿ ಕೂತ ಅಪ್ಪ ಎದ್ದು ಬಾರಿಸುತ್ತಿದ್ದ. ಮೂರನೇ ಕ್ಲಾಸಿನಿಂದ ಹಾಗೇ. ಮೇಷ್ಟ್ರು 'ಏನ ಡೌಟ?' ಅಂದರೆ 'ಏನಿಲ್ರಿ' ಅಂದು ಇಳಿಸುತ್ತಿದ್ದೆ. ಗುಟ್ಟು ಅಪ್ಪನಿಗೆ, ನನಗೆ, ಅವ್ವನಿಗೆ ಮೂವರಿಗೇ ಗೊತ್ತಿತ್ತು.

ಇದನ್ನು ಬರೆಯುವಾಗ ಒಂದು ಸಲವೂ ಮಾಸ್ತರರು ನೆನಪಾಗಲಿಲ್ಲ. ನಾಳೆಯಿಂದ ಎಚ್ಚರವಿರಬೇಕು.

ಹತ್ತು ರೊಟ್ಟಿ ಆಗಿತ್ತು. "ಇಬ್ಬರಿಗೆ ಹತ್ತು ಯಾಕವ್ವ?" ಅಂದೆ. "ಹಿಟ್ಟು ಜಾಸ್ತಿ ಆತು" ಅಂದಳು.

೨೯ ನವೆಂಬರ್, ಶನಿವಾರ

ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕರು. ಬಿಳಿ ಧೋತರ, ಕೈಚೀಲ, ಎಲೆಯಡಿಕೆಯ ಬಾಯಿ. ನಾನು ಹೂವಿನವಳ ಹಿಂದೆ ಸರಿದೆ, ಆದರೂ ಕಂಡರು.

"ಹೇಮಾವತಿ ಅಲ್ಲೇನು? ನಾನ ಇಟ್ಟ ಹೆಸರು! ನಿಮ್ಮಪ್ಪ ಹುಲಿಗವ್ವ ಅಂತ ಬರಸಾಕ ಬಂದಿದ್ದ. ನಾ ಅಂದೆ, ಲೇ ಮಾರ್ಯಾ, ಈ ಹೆಸರು ಇಟ್ಕೊಂಡು ಹುಡುಗಿ ಎಲ್ಲಿಗೆ ಮುಟ್ಟೀತು ಅಂತ."

"ಹೌದ್ರಿ ಸರ್."

"ಅವತ್ತು ಸಭಾದಾಗ ನೀನೂ ಭಾಳ ನಕ್ಕಿ ನೋಡು. ನಾ ಸ್ಟೇಜ್ ಮ್ಯಾಲಿಂದ ನೋಡಿದೆ. ನಿಮ್ಮಪ್ಪನ ನೆನಪು ಮಾಡಿದ್ದಕ್ಕ ನಿನಗ ಎಷ್ಟ ಖುಷಿ ಆಗಿರಬೇಕು!"

ಅವರ ಕಣ್ಣಲ್ಲಿ ಕುಹಕವಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು. ನಿಜವಾಗಿಯೂ ನನಗೆ ಉಪಕಾರ ಮಾಡಿದ್ದೇನೆ ಅಂದುಕೊಂಡಿದ್ದರು.

"ಅಭಿನಂದನ ಗ್ರಂಥಕ್ಕ ನೀನೂ ಎರಡು ಪುಟ ಬರಿ. ಅವಸರಿಲ್ಲ, ಸ್ಫೂರ್ತಿ ಬಂದಾಗ ಬರಿ."

"ಬರಿಯಾಕತ್ತೀನ್ರಿ ಸರ್, ದಿನಾ ಮುಂಜಾನಿ. ನಿಮ್ಮ ಬಗ್ಗೇನ."

"ಛಲೋ, ಭಾಳ ಛಲೋ" ಎಂದು ತಲೆಯ ಮೇಲೆ ಕೈ ಇಟ್ಟರು. ಮನೆಗೆ ಬಂದು ತಲೆ ತೊಳೆದುಕೊಂಡೆ. ಬಿಡುವುದಿಲ್ಲ. ಇವರನ್ನು ಬಿಡುವುದಿಲ್ಲ.

೪ ಡಿಸೆಂಬರ್, ಗುರುವಾರ

ಪರೀಕ್ಷೆಯ ದಿನಕ್ಕೆ ಬಂದೆ. ಇಷ್ಟು ದಿನ ಅದರ ಸುತ್ತ ತಿರುಗುತ್ತಿದ್ದೆ. ಪೆನ್ನು ನಿಲ್ಲಿಸಬಾರದು ಎಂಬ ನಿಯಮ ಇಲ್ಲದಿದ್ದರೆ ಇವತ್ತೂ ಎದ್ದು ಹೋಗುತ್ತಿದ್ದೆ.

೧೯೯೦ರ ಮಾರ್ಚ್. ಮೊದಲ ದಿನ, ಕನ್ನಡ. ಹತ್ತರಿಂದ ಒಂದು. ಕೊನೆಯ ಪ್ರಶ್ನೆ ಪ್ರಬಂಧ, 'ಬಾವಿಯ ಆತ್ಮಕಥೆ'. ಎಲ್ಲರೂ ಒಂದು ಪುಟ ಬರೆಯುವುದನ್ನು ನಾನು ನಾಲ್ಕು ಬರೆದಿದ್ದೆ. ಬಾವಿ ಇನ್ನೂ ಬತ್ತಿರಲಿಲ್ಲ, ಅಷ್ಟರಲ್ಲಿ ಗಂಟೆ. ಕೊಠಡಿಯಲ್ಲಿ ಕೂತಿದ್ದವರು ಬೇರೆ ಊರಿಂದ ಬಂದ ಹೊಸ ಮೇಷ್ಟ್ರು, ಕೈಯಲ್ಲಿ ವಾಚಿಲ್ಲ. ಗಂಟೆ ಆಯಿತೆಂದು ಎಲ್ಲರ ಉತ್ತರಪತ್ರಿಕೆ ಕಸಿದುಕೊಂಡರು. ಹೊರಗೆ ಬಂದು ಹುಣಸೆಮರದ ಕೆಳಗೆ ನಿಂತೆವು. ಬಹಳ ಹೊತ್ತಿನ ಮೇಲೆ ಒಂದು ಗಂಟೆಯ ಗಂಗಾವತಿ ಬಸ್ಸು ಬಂತು. ಮುದುಕಪ್ಪ ಮಾಸ್ತರರು ಅದರಿಂದ ಇಳಿದರು, ಕೈಯಲ್ಲಿ ಹೊಸ ಕೊಡೆ. ನಮ್ಮನ್ನು ಕಂಡು ಓಡಿ ಬಂದರು.

ಬರೆದ ಮೇಲೆ ನೋಡುತ್ತೇನೆ: ಇಳಿದರು.

ಹತ್ತಿ ಹೋಗುವ ಅವಸರಕ್ಕೆ ಗಂಟೆ ಹೊಡೆಸಿದವರು ಇಳಿಯುವುದು ಹೇಗೆ? ಆದರೆ ಆ ಕೊಡೆ ನನಗೆ ಚೆನ್ನಾಗಿ ನೆನಪಿದೆ, ಹಿಡಿಕೆಗೆ ಇನ್ನೂ ಕಾಗದ ಸುತ್ತಿತ್ತು.

೫ ಡಿಸೆಂಬರ್, ಶುಕ್ರವಾರ

ಒಲೆಯ ಮುಂದೆ ಹೋಗಿ ಕೂತು ಕೇಳಿದೆ.

"ಯವ್ವಾ, ಮಾಸ್ತರರು ಬಸ್ ಹಿಡಿಯಾಕ ಗಂಟಿ ಬಾರಿಸು ಅಂದ್ರು ಅಂತ ನೀನ ಹೇಳಿದ್ದಿ. ಮತ್ತ ಗಂಟಿ ಆದ ಮ್ಯಾಲ ಅವರು ಬಸ್ಸಿಂದ ಇಳದದ್ದು ನನಗ ನೆನಪೈತಿ."

ಅವ್ವ ಹಿಟ್ಟು ನಾದುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

"ಮುಟ್ಟಿತೇನ ನಿನ್ನ ಪೆನ್ನು ಅಲ್ಲಿಗೆ? ಮುಟ್ಟತೈತಿ ಅಂತ ಗೊತ್ತಿತ್ತು ನನಗ."

"ಅವರು ಹೇಳಿದ್ರೋ ಇಲ್ಲೋ?"

"ಇಲ್ಲ. ಅವರು ಊರಾಗ ಇದ್ದಿಲ್ಲ. ಪರೀಕ್ಷಿ ಶುರು ಮಾಡಿಸಿ, ಖೋಲಿಗೆ ಕೀಲಿ ಹಾಕಿ ಗಂಗಾವತಿಗೆ ಹೋಗಿದ್ರು. ಗಡಿಯಾರ ಒಳಗ ಉಳೀತು. 'ನಾ ಬಂದು ಹೇಳ್ತೀನಿ, ಆಗ ಹೊಡಿ' ಅಂದಿದ್ರಂತ. ಗಂಟಿ ಹೊಡಿಯೂ ತನಕ ಬರಲೇ ಇಲ್ಲ."

"ಮತ್ತ ಅಪ್ಪ ಯಾಕ ಹೊಡದ?"

"ನೀ ಕೈ ಎತ್ತಿದ್ಯಂತ."

ಕೈ ಎತ್ತಿದ್ದೆ. ಎತ್ತಿದ್ದೆ ನಾನು. ಹಾಳೆ ಮುಗಿದಿತ್ತು. ಬಾವಿಯ ಕಥೆ ಮುಗಿದಿರಲಿಲ್ಲ. ಇನ್ನೊಂದು ಹಾಳೆ ಬೇಕಿತ್ತು.

"ಅವತ್ತ ರಾತ್ರಿ ಉಣಲಿಲ್ಲ ನಿಮ್ಮಪ್ಪ. 'ಹುಡುಗಿಗೆ ಹೇಳಬ್ಯಾಡ ದುರುಗವ್ವಾ, ಇನ್ನ ಮ್ಯಾಲ ಸಾಲ್ಯಾಗ ಕೈ ಎತ್ತಾಕ ಅಂಜ್ತಾಳ' ಅಂದ. ನೀ ದಿನಾ ಕೇಳೂದು ಬಿಡಲಿಲ್ಲ. ಏನರ ಹೇಳಬೇಕಿತ್ತಲ್ಲ, ಆ ಮಾಸ್ತರನ ಮ್ಯಾಲ ಹಾಕಿದೆ. ಅವನಿಗೇನು, ಹೊರಾಕ ಹೆಗಲ ಇತ್ತು."

"ಹಸಿವಾಗಿತ್ತು ಅಂದನಂತಲ್ಲ ಅಪ್ಪ?"

"ಎಲ್ಲಿ ಹಸಿವು? ಏನೂ ಅಂದಿಲ್ಲ. ನೆಲಾ ನೋಡ್ಕೊಂತ ನಿಂತಿದ್ದ. ಸುಮ್ಮನ ನಿಂತವನ ಬಾಯಾಗ ಯಾರು ಏನು ಬೇಕಾದ್ರೂ ಇಡಬಹುದು."

ಇವತ್ತು ಬರೆಯಲಿಲ್ಲ. ಅವ್ವ ಹದಿನಾಲ್ಕು ರೊಟ್ಟಿ ಬಡಿದಳು.

೬ ಡಿಸೆಂಬರ್, ಶನಿವಾರ

ಇಲ್ಲ.

೮ ಡಿಸೆಂಬರ್, ಸೋಮವಾರ

ಶಾಲೆ ಬಿಟ್ಟ ಮೇಲೆ ನೇರ ತಹಸೀಲ ಕಚೇರಿಯ ಎದುರಿಗೆ ಹೋದೆ. ಮಲಿಕಸಾಬರು ಪೆಟ್ಟಿಗೆ ಮುಚ್ಚುತ್ತಿದ್ದರು. ಕಕ್ಷಿದಾರರು ಕೂರುವ ಕಲ್ಲಿನ ಮೇ‌ಲೆ ಕೂತು ಎಲ್ಲ ಹೇಳಿದೆ. ಮುದುಕಪ್ಪ, ಗಂಟೆ, ಕೊಡೆ, ನನ್ನ ಕೈ.

"ಮೊದಲಿನಂಗ ಬರೆದುಬಿಡ್ಲೇನ್ರಿ? ಅವರ ಹೇಳಿದ್ರು, ಅಪ್ಪ ಬಾರಿಸಿದ ಅಂತ? ಯಾರಿಗೆ ಗೊತ್ತಾಗತೈತಿ?"

"ಬ್ಯಾಡ್ರಿ. ಅರ್ಜ್ಯಾಗ ಒಂದ ಸುಳ್ಳ ಇದ್ರ ಎದುರಿನವರು ಅದೊಂದನ್ನ ಹಿಡ್ಕೊಂಡು ಪೂರಾ ಅರ್ಜಿ ಹರೀತಾರ. ಮೂವತ್ತು ವರ್ಷದಾಗ ಎಷ್ಟ ನೋಡೀನಿ."

"ಹಂಗಾದ್ರ ನನ್ನ ಅರ್ಜಿ ಬಿತ್ತು. ತಪ್ಪು ನಮ್ಮ ಮನೀದ."

"ಬಿದ್ದಿಲ್ಲ. ಒಂದು ಕೇಳ್ತೀನಿ ಹೇಳ್ರಿ. ಅವತ್ತು ಆ ಸಾಲ್ಯಾಗ ಕೈಗೆ ವಾಚ್ ಕಟ್ಟಿದವರು ಯಾರ ಇದ್ರು?"

ಯೋಚಿಸಿದೆ. "ಹೆಡ್‌ಮಾಸ್ತರರೊಬ್ಬರೇ."

"ಹನ್ನೆರಡೂವರಿಗೆ ಆ ವಾಚ್ ಎಲ್ಲಿತ್ತು?"

"ಗಂಗಾವತ್ಯಾಗ. ಕೊಡೆ ಅಂಗಡ್ಯಾಗ."

ಮಲಿಕಸಾಬರು ಪೆಟ್ಟಿಗೆಯ ಚಿಲಕ ಹಾಕಿದರು. "ಇದನ್ನ ಬರೀರಿ. ಬೈಗಳ ಒಂದೂ ಬ್ಯಾಡ. ಬೈಗಳ ಇದ್ರ ಸಾಹೇಬರು ಕೆಳಗಿಡ್ತಾರ. ಪ್ರಶ್ನಿ ಇದ್ರ ಎರಡನೇ ಸಲ ಓದ್ತಾರ."

ದಾರಿಯುದ್ದಕ್ಕೂ ನನಗೆ ಒಂದೇ ಮಾತು: ಮೂವತ್ತೈದು ವರ್ಷದಲ್ಲಿ ಇದನ್ನು ಒಬ್ಬರೂ ಕೇಳಲಿಲ್ಲ. ಪರೀಕ್ಷೆ ನಡೆಸಬೇಕಾದವನು ಎಲ್ಲಿದ್ದ ಎಂದು ಕೇಳುವ ಬದಲು ಗಂಟೆ ಹೊಡೆದವನಿಗೆ ಯಾಕೆ ಗಡಿಯಾರ ಬರುವುದಿಲ್ಲ ಎಂದು ನಕ್ಕರು. ನಾನೂ ನಕ್ಕೆ.

೯ ಡಿಸೆಂಬರ್, ಮಂಗಳವಾರ

ಎಂಟು ರೊಟ್ಟಿ, ಎರಡು ಪುಟ. ಹಿಂದಿನ ನಲವತ್ತು ಪುಟ ಬದಿಗಿಟ್ಟೆ. ಮೊದಲಿಂದ.

೧೩ ಡಿಸೆಂಬರ್, ಶನಿವಾರ

ಮಾಸ್ತರರು ಕಥೆ ಹೇಳುವ ರೀತಿಯನ್ನೇ ಬರೆದೆ. 'ಮಾರ್ಯಾ ಅಂತ ಒಬ್ಬ ಜವಾನ' ಎಂದು ಹೇಳಿ ಒಂದು ಉಸಿರು ನಿಲ್ಲುತ್ತಾರೆ, ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡುತ್ತಾರೆ, ಧೋತರದ ಚುಂಗು ಸರಿಮಾಡಿಕೊಳ್ಳುತ್ತಾರೆ. ಆಮೇಲೆ 'ಹಸಿವಾಗಿತ್ರಿ'ಗೆ ಅಪ್ಪನ ಧ್ವನಿ ಎಂದು ಮೂಗಿನಲ್ಲಿ ಮಾತಾಡುತ್ತಾರೆ. ಅಪ್ಪನ ಧ್ವನಿ ಹಾಗಿರಲಿಲ್ಲ. ಒಂದು ಬಣ್ಣದ ಮಾತೂ ಹಾಕದೆ, ಕಂಡದ್ದನ್ನು ಕಂಡ ಹಾಗೆ ಬರೆಯುವುದು ಬೈಯುವುದಕ್ಕಿಂತ ಕ್ರೂರ. ಇದು ನನಗೆ ಹಿಡಿಸಿತು. ಮೂರು ಸಲ ತಿದ್ದಿದೆ. ಹೆಚ್ಚಾಗಿದ್ದನ್ನೆಲ್ಲ ತೆಗೆದೆ, ಇನ್ನಷ್ಟು ಚೂಪಾಯಿತು.

ನಾಲ್ಕೈದು ದಿನದಿಂದ 'ಮಾನ್ಯರೇ' ಬರೆಯುವುದು ಮರೆತಿದೆ. ಇವತ್ತು ಪುಟ 'ಅಪ್ಪಾ' ಎಂದು ಶುರುವಾಗಿತ್ತು. ಹೊಡೆದುಹಾಕಬೇಕಿತ್ತು, ಅಷ್ಟರಲ್ಲಿ ಶಾಲೆಯ ಹೊತ್ತಾಯಿತು.

೧೯ ಡಿಸೆಂಬರ್, ಶುಕ್ರವಾರ

ಎಳ್ಳಮಾಸಿ ಹಬ್ಬ. ಅವ್ವ ಸಜ್ಜೆಯ ರೊಟ್ಟಿಗೆ ಎಳ್ಳು ಹಚ್ಚಿ ಎಷ್ಟು ಬಡಿದಳೋ. ಅಷ್ಟು ಹೊತ್ತು ಬರೆದೆ. ಬೆರಳು ಸೆಟೆದುಕೊಂಡಿವೆ. ಒಲೆಯ ಮುಂದೆ ಅವ್ವ, ಮೇಜಿನ ಮುಂದೆ ನಾನು, ಇಬ್ಬರೂ ಒಂದೇ ಸಲಕ್ಕೆ ನಿಲ್ಲಿಸಿ ಒಬ್ಬರನ್ನೊಬ್ಬರು ನೋಡಿದೆವು. "ನನ್ನ ರೆಟ್ಟಿ ಬಿದ್ದು ಹೋತು, ಇವತ್ತರ ಮುಗೀತೇನ ನಿಂದು?" ಅಂದಳು. ನನ್ನ ಬರವಣಿಗೆಗೂ ಅವ್ವನ ರೆಟ್ಟೆಗೂ ಏನು ಸಂಬಂಧವೋ. ವಯಸ್ಸಾಯಿತು ಅವಳಿಗೆ.

೨೧ ಡಿಸೆಂಬರ್, ಭಾನುವಾರ

ಮುಗಿಯಿತು. ಅವ್ವನಿಗೆ ಓದಿ ಹೇಳಿದೆ. ನನ್ನ ಕೈ ಎತ್ತಿದ ಭಾಗಕ್ಕೆ ಬಂದಾಗ ಸೆರಗು ಬಾಯಿಗೆ ಹಿಡಿದಳು. ವಾಚಿನ ಪ್ರಶ್ನೆಗೆ ಬಂದಾಗ ತೆಗೆದಳು.

"ಇದನ್ನ ಅವತ್ತ ಯಾರರ ಕೇಳಿದ್ರ ನಿಮ್ಮಪ್ಪ ಚೀಲ ಹೊರತಿದ್ದಿಲ್ಲ" ಅಂದಳು. ಅಷ್ಟೆ.

ಅಬ್ದುಲರೌಫನಿಗೆ ಕಳಿಸಿದೆ. ಒಂದು ತಾಸಿಗೆ ಫೋನು ಬಂತು.

"ಹೇಮಾ, ಒಂದು ಅಕ್ಷರ ಮುಟ್ಟೂದಿಲ್ಲ ನಾನು. ಆದ್ರ ಕೆಳಗ 'ಮಾರೆಪ್ಪನ ಮಗಳು ಹುಲಿಗವ್ವ' ಅಂತ ಐತಲ್ಲ, ಇದ್ಯಾರು?"

"ನಾನ."

"ಹಂಗ ಹಾಕ್ಲಿ?"

"ಹಂಗ ಹಾಕು."

೨೨ ಡಿಸೆಂಬರ್, ಸೋಮವಾರ

ಇವತ್ತು ಬರೆಯುವ ಕಾರಣವಿರಲಿಲ್ಲ. ಮಲಗಿಯೇ ಇದ್ದೆ. ಐದೂವರೆಗೆ ಟಪ್ ಟಪ್ ಶುರುವಾಯಿತು. ಎದ್ದು ಕೂತೆ. ಬೇರೇನೂ ತೋಚದೆ ಬಾವಿಯ ಆತ್ಮಕಥೆಯನ್ನು ಬಿಟ್ಟಲ್ಲಿಂದ ಮುಂದುವರಿಸಿದೆ. ಹದಿಮೂರರ ಹುಡುಗಿ ಎಲ್ಲಿ ನಿಲ್ಲಿಸಿದ್ದಳೋ ಅಲ್ಲಿಂದ. ಸುಮ್ಮನೆ, ಕೈ ಜಡ್ಡುಗಟ್ಟಬಾರದೆಂದು.

೨೮ ಡಿಸೆಂಬರ್, ಭಾನುವಾರ

ಸಮಾರಂಭ ಹತ್ತಕ್ಕೆ. ನಾನು ಮುಂದಿನ ಸಾಲಿನಲ್ಲೇ ಕೂರಬೇಕು, ಅವರ ಮುಖ ನೋಡಬೇಕು ಎಂದು ಎರಡು ತಿಂಗಳಿಂದ ನಿರ್ಧಾರ ಮಾಡಿದ್ದೆ. ಅದಕ್ಕೆಂದೇ ಇಳಕಲ್ ಸೀರೆ ಇಸ್ತ್ರಿ ಮಾಡಿಸಿಟ್ಟಿದ್ದೆ. ಬೆಳಿಗ್ಗೆ ಬಾವಿಯ ಕಥೆಗೆ ಕೂತೆ. ಬಾವಿಯೊಳಗೆ ಮೆಟ್ಟಿಲಿಳಿಯುವ ಒಬ್ಬ ಹೆಂಗಸಿನ ನೆರಳು ಹೇಗಿರುತ್ತದೆ ಎಂಬುದು ಸರಿಯಾಗಿ ಬರುತ್ತಿರಲಿಲ್ಲ. ರೊಟ್ಟಿ ಯಾವಾಗ ಮುಗಿಯಿತೋ, ಅವ್ವ ಯಾವಾಗ ಉಂಡಳೋ ಗೊತ್ತಾಗಲಿಲ್ಲ. ಬಾಗಿಲು ಬಡಿದಾಗ ಸಿಟ್ಟೇ ಬಂತು. ಇನ್ನೆರಡು ಸಾಲಿನಲ್ಲಿ ನೆರಳು ನೀರು ಮುಟ್ಟುತ್ತಿತ್ತು.

ಮಲಿಕಸಾಬರು. ಇಸ್ತ್ರಿ ಮಾಡಿದ ಜುಬ್ಬಾ, ಕಂಕುಳಲ್ಲಿ ಪತ್ರಿಕೆ, ಹಣೆಯೆಲ್ಲ ಬೆವರು. ಮಧ್ಯಾಹ್ನ ಒಂದಾಗಿತ್ತು.

"ಅಲ್ರಿ ಟೀಚರ, ನೀವ ಬರಲಿಲ್ಲಲ್ರಿ! ಚಹಾದಂಗಡ್ಯಾಗ ಒಬ್ಬ ಓದೋನು, ಹತ್ತು ಮಂದಿ ಕೇಳೋರು. ಸಭಾದಾಗ ಎಲ್ಲರ ತೊಡಿ ಮ್ಯಾಲ ಇದೇ ಪೇಪರ. ಓದದವರು ಮಾಸ್ತರರೊಬ್ಬರೇ."

"ಕಥಿ ಹೇಳಿದ್ರೇನು?" ಅಂದೆ. ಪೆನ್ನು ಇನ್ನೂ ಕೈಯಲ್ಲೇ ಇತ್ತು.

ಅವರು ಹೊಸ್ತಿಲ ಮೇಲೆ ಒಂದು ಕಾಲಿಟ್ಟು, ಒಳಗೆ ಬರದೆ, ಅಲ್ಲಿಂದಲೇ ಹೇಳಿದರು:

"ಹೇಳಿದ್ರು. ಸುಳ್ಳ ಯಾಕ ಹೇಳ್ಲಿ, ಇವತ್ತೂ ಜನ ನಕ್ಕರು. ಆದ್ರ 'ಮಾರ್ಯಾ ಅಂತ ಒಬ್ಬ ಜವಾನ' ಅಂದು ಅವರಿನ್ನ ಉಸಿರು ತಗೊಳ್ಳಾಕ ನಿಂತಿದ್ರು ನೋಡ್ರಿ, ಆಗ್ಲೇ ನಕ್ಕುಬಿಟ್ಟರು. ಮಾಸ್ತರರು ತಮ್ಮ ಕಥಿಗೇ ನಗಾಕತ್ತಾರ ಅಂತ ತಿಳ್ಕೊಂಡು, ಪಾಪ, ತಾವೂ ಕೂಡಿ ನಕ್ಕರು."